ಮಸುಯೊಳ ದಡ

ಪರದೆಯ ಮೇಲಿನ ನೀಲಿ ಗೆರೆ ಮುಕ್ಕಾಲು ತುಂಬಿದಾಗ, ಅದು ಅಲ್ಲೇ ನಿಂತುಬಿಡಲಿ ಎಂದು ಚಿಜುರುವಿಗೆ ಅನ್ನಿಸಿತು. ನಿಂತುಬಿಟ್ಟರೆ ತಾನು ಇಷ್ಟು ದಿನ ಅತ್ತೆಗೆ ಹೇಳಿಕೊಂಡು ಬಂದದ್ದೆಲ್ಲ ನಿಜವಾಗುತ್ತಿತ್ತು. ಇಳೀತಾನೇ ಇಲ್ಲ ಅತ್ತೆ, ಎಲ್ಲೋ ಸಿಕ್ಕಿಹಾಕ್ಕೊಂಡಿದೆ, ನೆಟ್ ಸರಿಯಿಲ್ಲ. ಆದರೆ ಗೆರೆ ಯಾವ ಅಡ್ಡಿಯೂ ಇಲ್ಲದೆ ತುದಿ ಮುಟ್ಟಿ, ಒಮ್ಮೆ ಮಿನುಗಿ, ಮಾಯವಾಯಿತು. ಎರಡು ಕೈಯಲ್ಲಿ ಹಿಡಿದು ಆಡುವ ಆ ಪುಟ್ಟ ಗೇಮ್ ಯಂತ್ರ ಹಕ್ಕಿಮರಿಯಂತೆ ಒಂದು ಸಲ ಚಿಲಿಪಿಲಿ ಎಂದು, ಅಪ್‌ಡೇಟ್ ಮುಗಿಯಿತು ಎಂದು ತೋರಿಸಿತು. ಅತ್ತೆಗೆಂದು ಬಗ್ಗಿಸಿಟ್ಟ ಚಹಾ ಇನ್ನೂ ಹಬೆಯಾಡುತ್ತಿತ್ತು. ಇಷ್ಟೇ. ಇಷ್ಟರಲ್ಲೇ ಆಗಿಹೋಗುವ ಕೆಲಸ. ತಲೆಯೆತ್ತಿ ಅತ್ತೆಯ ಮುಖ ನೋಡಲಾರದೆ, ಹೊಸತಾಗಿ ಏನೇನು ಬಂದಿದೆ ಎಂದು ಯಂತ್ರ ಹೇಳುತ್ತಿದ್ದುದನ್ನು ಅವಳು ಓದತೊಡಗಿದಳು. ಹೊಸ ಬಗೆಯ ಶಂಖಗಳು. ದಡದಲ್ಲಿ ಹಚ್ಚಿಡಲು ಕಾಗದದ ದೀಪ. ದೋಣಿಯವನ ಟೋಪಿ ಕೆಲವೊಮ್ಮೆ ಅವನ ತಲೆಬಿಟ್ಟು ಗಾಳಿಯಲ್ಲಿ ನಿಲ್ಲುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ.

ಇಸೊಕೊ ಅತ್ತೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಕೆಳಗಿನ ಜಲಸಂಧಿಯನ್ನು ನೋಡುತ್ತಿದ್ದರು. ಮೋಜಿಯ ಈ ಗುಡ್ಡದ ಮನೆಗಳಲ್ಲಿ ಯಾವ ಕಿಟಕಿ ತೆರೆದರೂ ಹಡಗು ಕಾಣುತ್ತದೆ. ಈಗ ಕಂಟೇನರುಗಳನ್ನು ಹೇರಿಕೊಂಡ ಒಂದು ಕೆಂಪು ಹಡಗು ಎದುರುಗಡೆಯ ಶಿಮೊನೊಸೆಕಿಯ ಮನೆಗಳನ್ನು ಒಂದೊಂದಾಗಿ ಮರೆಮಾಡುತ್ತ ಹೋಗುತ್ತಿತ್ತು. ಅತ್ತೆ ಆಸ್ಪತ್ರೆಯಿಂದ ಬಂದು ವಾರವಾಗಿತ್ತು. ಅವರ ಬಲಗೈ ತೊಡೆಯ ಮೇಲೆ, ಬಸ್ಸಿನ ಸೀಟಿನಲ್ಲಿ ಯಾರೋ ಮರೆತುಹೋದ ಕೈಗವಸಿನಂತೆ ಬಿದ್ದಿತ್ತು. "ಆಯ್ತು ಅತ್ತೆ," ಎಂದಳು ಚಿಜುರು. "ಅಪ್‌ಡೇಟ್ ಆಯ್ತು." ಅತ್ತೆ ಅವಳ ಕಡೆ ತಿರುಗಿ, ತುಂಬ ಗಮನವಿಟ್ಟು ಅವಳ ಬಾಯಿಯನ್ನು ನೋಡಿದರು, ಮಾತು ಮುಗಿದ ಮೇಲೂ ನೋಡಿದರು.

ಆ ಯಂತ್ರವನ್ನು ಅತ್ತೆಗೆ ತಂದುಕೊಟ್ಟವಳು ಚಿಜುರುವಿನ ಮಗಳು ರಿತ್ಸು. ಈಗ ಫುಕುಒಕದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆಟದಲ್ಲಿ ಆಡುವವರಿಗೆಲ್ಲ ಒಂದೊಂದು ಸಮುದ್ರದ ದಡ. ಅಲ್ಲಿ ಮನೆ ಕಟ್ಟಿಕೊಳ್ಳಬಹುದು, ಮೂಲಂಗಿ ಬೆಳೆಯಬಹುದು, ದೋಣಿ ಹತ್ತಿ ಇನ್ನೊಬ್ಬರ ದಡಕ್ಕೆ ಹೋಗಿ ಮಾತಾಡಬಹುದು. ಒತ್ತಿದ ಅಕ್ಷರಗಳು, ಆಡುವವರ ಪರವಾಗಿ ಪರದೆಯಲ್ಲಿ ಓಡಾಡುವ ಬೊಂಬೆಯ ತಲೆಯ ಮೇಲೆ ಮೂಡುತ್ತವೆ. ಮೊದಮೊದಲು ಚಿಜುರು ಇದನ್ನು ಮುದುಕಿಯ ಹುಚ್ಚು ಎಂದುಕೊಂಡಿದ್ದಳು. ಆಮೇಲೆ ತಿಳಿಯಿತು, ದೂರದ ಕುಶಿರೊದಲ್ಲಿ ಮಸುಯೊ ಎಂಬ ಒಬ್ಬಳಿದ್ದಾಳೆ, ಹರೆಯದಲ್ಲಿ ಅತ್ತೆ ಮತ್ತು ಅವಳು ಒಂದೇ ಕಂಪನಿಯ ಬಸ್ಸುಗಳಲ್ಲಿ ಕಂಡಕ್ಟರುಗಳಾಗಿದ್ದರು, ಒಂದೇ ಹಾಸ್ಟೆಲಿನ ಕೋಣೆಯಲ್ಲಿ ಮಲಗುತ್ತಿದ್ದರು. ಮಸುಯೊಳ ಕಿವಿ ಈಗ ಪೂರ್ತಿ ಹೋಗಿತ್ತು, ಫೋನು ಮಾಡುವಂತಿಲ್ಲ. ಅತ್ತೆಯ ಕೈ ನಡುಗುತ್ತಿತ್ತು. ಒಂದು ಕಾಲದಲ್ಲಿ ಬೀದಿಯವರೆಲ್ಲ ಹೊಸವರ್ಷದ ಕಾರ್ಡಿನ ವಿಳಾಸವನ್ನು ಅವರಿಂದಲೇ ಬರೆಸಿಕೊಳ್ಳುತ್ತಿದ್ದರಂತೆ, ಅಂಥ ಕೈಯಿಂದ ಈಗ ಸೊಟ್ಟ ಅಕ್ಷರ ಬರೆದು ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಯಂತ್ರದ ಅಕ್ಷರಕ್ಕೆ ನಡುಕವಿಲ್ಲ. ಊಟವಾದ ಮೇಲೆ ಅವರು ಬಾಗಿಲು ಮುಚ್ಚಿಕೊಂಡು ಕೂತರೆ ಒಳಗಿನಿಂದ ಗುಂಡಿ ಒತ್ತುವ ಸದ್ದು, ನಡುನಡುವೆ ಒಂದು ಗೊಗ್ಗರು ನಗು. ಆ ನಗುವನ್ನು ಚಿಜುರು ಮನೆಯ ಬೇರೆ ಯಾವ ಕೋಣೆಯಲ್ಲೂ ಕೇಳಿರಲಿಲ್ಲ.

ರಿತ್ಸು ಮನೆಯಲ್ಲಿರುವ ತನಕ ಯಂತ್ರದ ಚಾಕರಿಯೆಲ್ಲ ಅವಳದೇ ಆಗಿತ್ತು. ಅವಳು ಹೋದ ಮೇಲೆ ಬಂದ ಮೊದಲ ಅಪ್‌ಡೇಟ್ ಇದು. ಎರಡು ದಡಗಳಲ್ಲೂ ಒಂದೇ ಅಪ್‌ಡೇಟ್ ಇಲ್ಲದಿದ್ದರೆ ದೋಣಿ ಹೊರಡುವುದಿಲ್ಲ, ಯಾವ ದಡದ್ದು ಬಾಕಿ ಎಂದಷ್ಟೇ ದೋಣಿಯವನು ಹೇಳುತ್ತಾನೆ. ಮಸುಯೊಳದು ಆಗಿತ್ತು, ಅತ್ತೆಯದು ಆಗಿರಲಿಲ್ಲ. "ಏನೂ ಇಲ್ಲಮ್ಮ," ಎಂದಿದ್ದಳು ರಿತ್ಸು ಫೋನಿನಲ್ಲಿ. "ಒಂದು ಗುಂಡಿ ಒತ್ತು, ಬಿಟ್ಟುಬಿಡು, ಅದರ ಪಾಡಿಗೆ ಅದಾಗತ್ತೆ. ಅಜ್ಜಿ ಹೆದರ್ತಾರೆ ಅಷ್ಟೆ, ತಪ್ಪು ಒತ್ತಿ ಎಲ್ಲಾ ಅಳಿಸಿಹೋದ್ರೆ ಅಂತ." ಅತ್ತೆ ಎರಡು ಕೈಯಲ್ಲೂ ಯಂತ್ರವನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. "ಚಿಜುರು-ಸಾನ್, ನಿಮಗೆ ಬಿಡುವಾದಾಗ ಇದನ್ನೊಂಚೂರು ನೋಡ್ತೀರಾ?" ಒಂದೇ ಸೂರಿನಡಿ ಇಷ್ಟು ವರ್ಷ ಕಳೆದರೂ ಅತ್ತೆ ಅವಳಿಗೆ 'ನೀವು' ಅನ್ನುವುದನ್ನು ಬಿಟ್ಟಿರಲಿಲ್ಲ. ಮೀನಿನಂಗಡಿಯ ಹೆಂಗಸಿಗೆ 'ನೀನು', ಬೀದಿಯ ಬೆಕ್ಕಿಗೆ 'ನೀನು', ಸೊಸೆಗೆ 'ನೀವು'.

ಅವತ್ತು ನಿಜಕ್ಕೂ ಬಿಡುವಿರಲಿಲ್ಲ. ಸೂಪರ್‌ಮಾರ್ಕೆಟ್ಟಿನ ಕರಿದ ತಿಂಡಿಯ ವಿಭಾಗದಲ್ಲಿ ಅವಳ ಪಾಳಿ, ಆಲೂಗಡ್ಡೆಯ ಕೊರೊಕ್ಕೆ ಕರಿದು ಕರಿದು ಕೂದಲಿಗೆ ಹತ್ತಿದ ಎಣ್ಣೆಯ ವಾಸನೆ, ಇಳಿಜಾರು ಹತ್ತಿ ಬಂದ ಮಂಡಿನೋವು. ನಾಳೆ ಮಾಡೋಣ ಎಂದಳು. ಅದರಲ್ಲಿ ಸುಳ್ಳಿರಲಿಲ್ಲ. ಮರುದಿನ ಅತ್ತೆ ಮತ್ತೆ ಬಂದರು, ಅದೇ ಬಾಗಿಲು, ಅದೇ ಎರಡು ಕೈ. "ಇವತ್ತು ಆಗಬಹುದಾ?" ಆಗ ಚಿಜುರುವಿನೊಳಗೆ ಏನೋ ಬೆಚ್ಚಗೆ ಕದಲಿತು. ಅತ್ತೆ ತನ್ನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. ಹೇಳಿದ್ದುಂಟು, ತಿದ್ದಿದ್ದುಂಟು, ಕೇಳಿದ್ದಿಲ್ಲ. ಆ ಕೇಳುವಿಕೆಯನ್ನು ಇನ್ನೊಂದು ದಿನ ಉಳಿಸಿಕೊಳ್ಳಬೇಕು ಅನ್ನಿಸಿತು, ರುಚಿಯಾದ್ದನ್ನು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಂಡ ಹಾಗೆ. ಯಂತ್ರವನ್ನು ತೆಗೆದುಕೊಂಡು ಫ್ರಿಜ್ಜಿನ ಮರೆಗೆ ಹೋದಳು. ಪರದೆಯ ಮೇಲೆ ಎರಡು ಗುಂಡಿಗಳಿದ್ದವು, 'ಈಗಲೇ' ಮತ್ತು 'ಆಮೇಲೆ'. ಬೆರಳು 'ಆಮೇಲೆ'ಯನ್ನು ಒತ್ತಿತು. ಒಳಗೆ ಬಂದು, "ಯಾಕೋ ಆಗ್ತಿಲ್ಲ ಅತ್ತೆ," ಎಂದಳು. ಅತ್ತೆ, "ಹೌದಾ. ನಿಮಗೆ ಸುಮ್ನೆ ತೊಂದರೆ ಕೊಟ್ಟೆ," ಎಂದು ತಲೆ ಬಾಗಿಸಿದರು. ಸಣ್ಣ ಕತ್ತು, ಹಿಂದೆ ಹೇರ್‌ಪಿನ್ ಸಡಿಲಾಗಿತ್ತು. ಅಂಥ ಬಾಗುವಿಕೆಯನ್ನು ತಾನು ಆ ಮನೆಗೆ ಬಂದಾಗಿನಿಂದ ಕೊಟ್ಟಿದ್ದಳೇ ಹೊರತು ಪಡೆದಿರಲಿಲ್ಲ.

ಮಾವನ ವರ್ಷದ ತಿಥಿಗೆ ನೆಂಟರೆಲ್ಲ ಕೂಡಿದ್ದಾಗ, ಉಪ್ಪಿನಕಾಯಿ ತೆಗೆಯಲೆಂದು ಅವಳು ತರಕಾರಿ ಹುದುಗಿಸಿಡುವ ಅಕ್ಕಿತವುಡಿನ ಜಾಡಿಗೆ ಕೈಹಾಕಿದ್ದಳು. ಅತ್ತೆಯ ಅತ್ತೆಯ ಕಾಲದಿಂದ ಬಂದ ತವುಡು, ದಿನಾ ಕೈಯಾಡಿಸಬೇಕು, ಇಲ್ಲದಿದ್ದರೆ ಕೆಡುತ್ತದೆ. "ಚಿಜುರು-ಸಾನ್, ದಯವಿಟ್ಟು ಕೈ ತೆಗೀರಿ," ಎಂದಿದ್ದರು ಅತ್ತೆ, ಎಲ್ಲರೆದುರು, ದನಿ ಒಂಚೂರೂ ಏರಿಸದೆ. "ನಿಮ್ಮ ಕೈ ಬಿಸಿ. ಹುಳಿ ಬಂದುಬಿಡತ್ತೆ." ನಾದಿನಿ ನಕ್ಕಿದ್ದಳು. ಗಂಡ ಯಸುಮಿಚಿ ಸಾಕೆ ಮದ್ಯ ಬಗ್ಗಿಸುತ್ತಿದ್ದವನು ಬಗ್ಗಿಸುತ್ತಲೇ ಇದ್ದ. ಮೊಣಕೈವರೆಗೆ ತವುಡು ಮೆತ್ತಿಕೊಂಡು ಅವಳು ನಿಂತಿದ್ದಳು, ಒರೆಸಿಕೊಳ್ಳಲು ಬಟ್ಟೆ ಎಲ್ಲಿದೆ ಎಂದು ಯಾರನ್ನು ಕೇಳುವುದೋ ತಿಳಿಯದೆ. ಫ್ರಿಜ್ಜಿನ ಮರೆಯಲ್ಲಿ ನಿಂತು 'ಆಮೇಲೆ' ಒತ್ತಿದಾಗ ಇದೆಲ್ಲ ನೆನಪಾಗಿತ್ತೆಂದು ಹೇಳಿದರೆ ಅದು ತನ್ನನ್ನು ತಾನು ಒಳ್ಳೆಯವಳನ್ನಾಗಿ ಮಾಡಿಕೊಂಡ ಹಾಗೆ. ಆಗ ಏನೂ ನೆನಪಾಗಿರಲಿಲ್ಲ. ಸುಮ್ಮನೆ ಹಿತವಾಗಿತ್ತು. ಆಮೇಲಾಮೇಲೆ ಅದು ರೂಢಿಯಾಯಿತು. ಅತ್ತೆ ಕೇಳುವರು, ಅವಳು ಯಂತ್ರವನ್ನು ಒಯ್ದು ಒಂದಿಷ್ಟು ಹೊತ್ತು ಇಟ್ಟುಕೊಂಡು ತಂದುಕೊಡುವಳು. ಕೇಳುವಾಗಿನ ಅತ್ತೆಯ ದನಿ ದಿನದಿಂದ ದಿನಕ್ಕೆ ತಗ್ಗುತ್ತಿತ್ತು. ಒಂದು ಸಂಜೆ ಬಾಗಿಲವರೆಗೂ ಬರದೆ, ಹಾಸಿಗೆಯ ಮೇಲೆ ಕೂತೇ, "ಇವತ್ತಾದ್ರೂ?" ಎಂದರು. ಅವಳು, "ನಾಳೆ ಖಂಡಿತ," ಎಂದಳು. ಮರುದಿನ ಬೆಳಿಗ್ಗೆ ಮಿಸೊ ಸಾರಿನ ಬಟ್ಟಲು ಅತ್ತೆಯ ಕೈಯಿಂದ ಜಾರಿತು. ಅತ್ತೆ ಚೆಲ್ಲಿದ್ದನ್ನು ನೋಡಿದರು, ಯಸುಮಿಚಿಯನ್ನು ನೋಡಿದರು, ಏನನ್ನೋ ಹೇಳಿದರು. ಅದು ಯಾವ ಭಾಷೆಯೂ ಆಗಿರಲಿಲ್ಲ.

ಮಾತು ಮತ್ತು ಅಕ್ಷರ ಎರಡೂ ಹೋಗಿವೆ ಎಂದರು ಆಸ್ಪತ್ರೆಯವರು. ಕೇಳಿದ್ದು ಅಲ್ಪಸ್ವಲ್ಪ ತಿಳಿಯಬಹುದು, ಬರೆದದ್ದು ಮಾತ್ರ ಅವರಿಗೆ ಗೀಚಿದ ಚಿತ್ರದ ಹಾಗೆ. ಒಂದೇ ಒಂದು ಮಾತು ಉಳಿದಿತ್ತು. ಬಸ್ಸು ಬಿಡುವಾಗ ಕಂಡಕ್ಟರು ಕೂಗುವ "ರೈಟ್." ಅನ್ನ ಬೇಕೆಂದರೂ ರೈಟ್, ಬೇಡವೆಂದರೂ ರೈಟ್, ನೋವಾದರೂ ರೈಟ್. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಅದನ್ನು ಕೇಳಿ ಮುಗುಳ್ನಕ್ಕು, "ಎಷ್ಟು ಚೆನ್ನಾಗಿ ಹೇಳ್ತಾರೆ," ಎಂದಿದ್ದಳು. ಅಪ್‌ಡೇಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಚಿಜುರುವಿಗೆ ಗೊತ್ತು. ರಕ್ತನಾಳ, ಒತ್ತಡ, ವಯಸ್ಸು ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತೇನೋ.

ಈಗ ಅವಳು ಯಂತ್ರವನ್ನು ಅತ್ತೆಯ ತೊಡೆಯ ಮೇಲಿಟ್ಟು, ಬಲಭಾಗವನ್ನು ತನ್ನ ಕೈಯಲ್ಲಿ ಎತ್ತಿಹಿಡಿದಳು. ಬೊಂಬೆಯನ್ನು ನಡೆಸುವ ಗುಬಟು ಎಡಗಡೆಗಿತ್ತು. ಅತ್ತೆಯ ಎಡಗೈ ಹೆಬ್ಬೆರಳು ಅದರ ಮೇಲೆ ಹೋಗಿ ಕೂತಿತು, ತಾನಾಗಿಯೇ. ಬೊಂಬೆ ಮೂಲಂಗಿ ಪಾತಿಯನ್ನು ಬಳಸಿ, ಎರಡು ಬಂಡೆಗಳ ನಡುವಿನ ಒಳದಾರಿಯಲ್ಲಿ ಇಳಿದು, ನೇರವಾಗಿ ದೋಣಿಯ ಹತ್ತಿರ ಹೋಗಿ ನಿಂತಿತು. ಅಕ್ಷರ ಮರೆತ ತಲೆ ದಾರಿಯನ್ನು ಮರೆತಿರಲಿಲ್ಲ. ದೋಣಿಯವನು ಕೇಳಿದ್ದಕ್ಕೆ ಚಿಜುರು ಬಲಗಡೆಯ ಗುಂಡಿ ಒತ್ತಿದಳು. ಮಸುಯೊಳ ದಡದಲ್ಲಿ ಆಗಲೇ ಕಾಗದದ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಹಳದಿ ಟೋಪಿಯ ಬೊಂಬೆಯೊಂದು ಕಳೆ ಕೀಳುತ್ತಿದ್ದುದು ತಟ್ಟನೆ ಎದ್ದುನಿಂತಿತು, ಓಡಿಬಂತು, ಅತ್ತೆಯ ಬೊಂಬೆಯ ಸುತ್ತ ಕುಣಿಯುವ ಹಾಗೆ ತಿರುಗಿತು. ಅದರ ತಲೆಯ ಮೇಲೆ ಅಕ್ಷರ ಮೂಡಿತು: "ಬದುಕಿದೀಯೇನೇ."

ಅತ್ತೆ ಆ ಅಕ್ಷರಗಳನ್ನು ನೋಡಿದರು. ಹತ್ತಿರ ಬಾಗಿ ನೋಡಿದರು. ಆಮೇಲೆ ಯಂತ್ರವನ್ನು ಮೆಲ್ಲಗೆ ಚಿಜುರುವಿನ ಕಡೆ ತಳ್ಳಿ, "ರೈಟ್," ಎಂದರು.

"ಕೊನೆಗೂ ನಿಮ್ಮನೆ ಆಮೆ ಮಾಡಿಕೊಡ್ತಾ?" ಎಂದು ಮೂಡಿತು ಮುಂದಿನ ಸಾಲು.

ಆಮೆ ಯಾರೆಂದು ತಿಳಿಯಲು ಚಿಜುರುವಿಗೆ ಒಂದು ಗಳಿಗೆ ಬೇಕಾಯಿತು. ತಿಳಿದಾಗ ಕಿವಿ ಬಿಸಿಯಾಯಿತು. ಬಾಗಿಲ ಹಿಂದಿನ ಆ ಗೊಗ್ಗರು ನಗು, ಹಾಗಾದರೆ, ಇದಕ್ಕೆ. ತನ್ನ ನಡಿಗೆ, ತನ್ನ ಕೊರೊಕ್ಕೆ, ತನ್ನ ಬಿಸಿ ಕೈ, ಎಲ್ಲವೂ ದೋಣಿ ಹತ್ತಿ ಕುಶಿರೊದವರೆಗೆ ಹೋಗಿ ಬಂದಿದ್ದವು. ಒಂದು ಕ್ಷಣ ಅವಳಿಗೆ ಸಮಾಧಾನವೇ ಆಯಿತು: ನೋಡು, ನಾನು ಮಾಡಿದ್ದೇನೂ ಹೆಚ್ಚಲ್ಲ. ಆ ಸಮಾಧಾನ ಬೆರಳ ತುದಿಯವರೆಗೆ ಬರುವಷ್ಟರಲ್ಲಿ ಪಕ್ಕದಲ್ಲಿ ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು, ಏನಂತೆ ಏನಂತೆ ಎಂದು ಕೇಳುವ ಕಣ್ಣುಗಳಿಂದ. "ಆಮೆ ಮಾಡಿಕೊಟ್ಟಿತಾ ಅಂತ ಕೇಳ್ತಿದಾರೆ ಅತ್ತೆ," ಎಂದಳು. ಅತ್ತೆ ತಲೆಯಾಡಿಸಿದರು. ತಿಳಿಯಿತೋ ಇಲ್ಲವೋ. ಚಿಜುರು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: "ಹೂಂ. ಮಾಡಿತು."

ಇಲ್ಲಿಗೆ ನಿಲ್ಲಿಸಿ ನಾನು ಸೊಸೆ ಎಂದು ಹೇಳಬಹುದಿತ್ತು. ಹೇಳಬೇಕೆಂದೇ ಇದ್ದಳು. ಅಷ್ಟರಲ್ಲಿ ಹಳದಿ ಟೋಪಿ ಅಲ್ಲಾಡದೆ ನಿಂತು, ಸಾಲಿನ ಮೇಲೆ ಸಾಲು ಬರೆಯತೊಡಗಿತ್ತು. "ಅಪ್‌ಡೇಟ್ ಅನ್ನೋದು ನೆಪ ಅಂದ್ಕೊಂಡಿದ್ದೆ. ಆವತ್ತು ಹಿರಾಓ ವಿಷಯ ಹೇಳಿದೆ. ಮಾರನೇ ದಿನದಿಂದ ನಿನ್ನ ದಡಕ್ಕೆ ದೋಣಿ ಬಿಡ್ಲಿಲ್ಲ. ನಿನ್ನ ಮದುವೆ ಗೊತ್ತಾದ ಮೇಲೂ ಅವನು ನನ್ನ ಜೊತೆ ಅಶಿಯಾ ಸಮುದ್ರಕ್ಕೆ ಬಂದಿದ್ದು ನಿಜ. ಅದನ್ನ ಅರವತ್ತು ವರ್ಷ ಬಾಯಲ್ಲಿ ಇಟ್ಕೊಂಡೋಳು ಇನ್ನೊಂದಷ್ಟು ದಿನ ಇಟ್ಕೋಬಹುದಿತ್ತು. ಸಾಯೋ ಮುಂಚೆ ಹಗುರಾಗೋಣ ಅನ್ನಿಸಿತು. ನನ್ನ ಹಗುರ ನಾನು ನೋಡ್ಕೊಂಡೆ. ಸಿಟ್ಟಾ, ಇಸೊಕೊ? ಬೈಯೋದಾದ್ರೆ ಬೈದುಬಿಡು. ಸುಮ್ನಿರಬೇಡ."

ಹಿರಾಓ ಎಂದರೆ ಮಾವ. ತೀರಿಕೊಂಡವರಿಗೆ ದಿನಾ ಅನ್ನವಿಡುವ, ಗೂಡಿನಂಥ ಕಪ್ಪು ಪೀಠದೊಳಗೆ, ಡ್ರೈವರಿನ ಟೋಪಿ ಹಾಕಿಕೊಂಡು, ಫೋಟೋದಲ್ಲಿ ಅರೆನಗುತ್ತಿರುವ ಮನುಷ್ಯ. ಚಿಜುರು ಆ ಕಡೆ ನೋಡಿದಳು, ತಕ್ಷಣ ನೋಡಬಾರದಿತ್ತು ಎಂದುಕೊಂಡಳು. ಅಪ್‌ಡೇಟಿಗಾಗಿ ಅತ್ತೆ ಕೇಳತೊಡಗಿದ ಆ ದಿನಗಳಲ್ಲೇ, ಒಂದು ಬೆಳಿಗ್ಗೆ ಫೋಟೋದ ಮುಂದೆ ಅನ್ನದ ಬಟ್ಟಲು ಇರಲಿಲ್ಲ. ಅತ್ತೆ ಮರೆತರೇನೋ ಎಂದು ತಾನೇ ಬಿಸಿ ಅನ್ನ ತುಂಬಿ ಇಟ್ಟಿದ್ದಳು. ಕೆಲಸದಿಂದ ಬಂದು ನೋಡಿದರೆ ಬಟ್ಟಲು ತೊಳೆದು ಬೋರಲು ಹಾಕಿತ್ತು. ಮರುದಿನವೂ ಹಾಗೇ. ವಯಸ್ಸಾಯಿತು, ಮರೆವು ಎಂದು ಗಂಡನಿಗೆ ಹೇಳಿದ್ದಳು ಸಹ. ಅದು ಮರೆವಾಗಿರಲಿಲ್ಲ. ಆ ಮುದುಕಿ ದಿನಾ ತನ್ನ ಬಾಗಿಲಿಗೆ ಬಂದು ನಿಂತು ಕೈಚಾಚಿದ್ದು ಆಟಕ್ಕಲ್ಲ. ಒಂದು ಉತ್ತರ ಅವರ ಗಂಟಲಲ್ಲಿತ್ತು. ಅದು ಬೈಗುಳವೋ, ಕ್ಷಮೆಯೋ, ನನಗೆ ಮೊದಲೇ ಗೊತ್ತಿತ್ತು ಕಣೇ ಎಂಬ ನಗುವೋ. ಯಾವುದಾಗಿದ್ದರೂ ಅದು ಈಗ ಈ ಲೋಕದಲ್ಲಿ ಇಲ್ಲ. ಅದನ್ನು ತಾನು ಫ್ರಿಜ್ಜಿನ ಮರೆಯಲ್ಲಿ ನಿಂತು ನಾಳೆ ನಾಳೆ ಎಂದು ಹಿಡಿದಿಟ್ಟುಕೊಂಡಿದ್ದಳು, ಅದೇನೆಂದು ಗೊತ್ತಿಲ್ಲದೆ.

"ಅತ್ತೆ," ಎಂದಳು. "ಮಾವನ ವಿಷಯ ಕೇಳ್ತಿದಾರೆ. ನಿಮಗೆ ಸಿಟ್ಟಿದೆಯಾ ಅಂತ."

ಅತ್ತೆ ಕಿಟಕಿಯಾಚೆ ನೋಡಿದರು. "ರೈಟ್."

ಕುಶಿರೊದ ಬೊಂಬೆ ಕಾಯುತ್ತಿತ್ತು. ನಿಂತಲ್ಲೇ ನಿಂತರೆ ಆ ಬೊಂಬೆಗಳು ಆಗಾಗ ಕಣ್ಣು ಮಿಟುಕಿಸುತ್ತವೆ, ಹಾಗೆ ಮಾಡಿಟ್ಟಿದ್ದಾರೆ. ಮಿಟುಕಿಸಿತು. ಇನ್ನೊಮ್ಮೆ ಮಿಟುಕಿಸಿತು. ಚಿಜುರುವಿಗೆ ತಡೆಯಲಾಗಲಿಲ್ಲ. "ಇಲ್ಲ. ಸಿಟ್ಟಿಲ್ಲ. ಹಳೇದೆಲ್ಲ ಬಿಡು," ಎಂದು ಒತ್ತಿಬಿಟ್ಟಳು. ಹಳದಿ ಟೋಪಿ ದೀಪಗಳ ಕಡೆ ಒಂದು ಸುತ್ತು ಹೋಗಿ ಬಂತು. ಆಮೇಲೆ, "ಹೌದಾ," ಎಂದಷ್ಟೇ ಬರೆದು, ಅತ್ತೆಯ ಬೊಂಬೆಯ ಕಾಲ ಬಳಿ ಒಂದು ಕುಂಬಳಕಾಯಿ ತಂದಿಟ್ಟಿತು.

ಅಲ್ಲಿಂದ ಮುಂದೆ ಅದು ನಡೆದುಕೊಂಡೇ ಹೋಯಿತು. ಮಧ್ಯಾಹ್ನದ ಪಾಳಿ ಮುಗಿಸಿ ಬಂದು, ಅತ್ತೆಯ ಬಾಯಿ ಒರೆಸಿ, ಕೈಕಾಲಿನ ವ್ಯಾಯಾಮ ಮಾಡಿಸಿ, ಅವಳು ಯಂತ್ರವನ್ನು ತೆಗೆಯುವಳು. ಅತ್ತೆ ನಡೆಸುವರು, ಅವಳು ಬರೆಯುವಳು. ಕುಶಿರೊದಲ್ಲಿ ಹಿಮ ಶುರುವಾಗಿದೆ, ಮಗ ಮಂಡಿ ಆಪರೇಷನ್ ಮಾಡಿಸ್ಕೋ ಅಂತಾನೆ, ನಿನ್ನ ಆಮೆ ಹೇಗಿದ್ದಾಳೆ. ಚೆನ್ನಾಗಿದ್ದಾಳೆ, ಮೊದಲಿಗಿಂತ ಪರವಾಗಿಲ್ಲ. ಹೀಗೆ ಬರೆಯುವಾಗ ಅವಳಿಗೆ ಅತ್ತೆಯ ನಾಲಿಗೆ ತನ್ನ ಬಾಯೊಳಗೆ ಬಂದಂತಾಗಿ ಹೇಸಿಗೆಯಾಗುತ್ತಿತ್ತು, ಮತ್ತು ನಾಚಿಕೆಗೇಡಿನ ಒಂದು ಸುಖವೂ ಆಗುತ್ತಿತ್ತು. ಒಂದು ಸಂಜೆ ಯಸುಮಿಚಿ ಷೂ ಬಿಚ್ಚುತ್ತ ಇಬ್ಬರೂ ಕೂತಿದ್ದನ್ನು ಕಂಡ. "ಅಮ್ಮನ ಫ್ರೆಂಡಿಗೆ ಇನ್ನೂ ಹೇಳಿಲ್ವಾ?"

"ಹೇಳ್ತೀನಿ."

"ಯಾವಾಗ?"

"ನಾಳೆ," ಎಂದಳು. ಎಂದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಗಂಡ ಬಿಯರ್ ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದ. "ರೀ," ಎಂದಳು, "ಮಾವ ಬಸ್ ಓಡಿಸ್ತಿದ್ದಾಗ ಹೇಗಿದ್ರು?"

"ಹೇಗಿರ್ತಾರೆ. ಡ್ರೈವರ್ ಹಂಗೆ ಇದ್ರು," ಎಂದ ಅವನು. "ಮುಂದೆ ನೋಡ್ಕೊಂಡು."

ಮಳೆ ಹನಿಯುತ್ತಿದ್ದ ಒಂದು ಮಧ್ಯಾಹ್ನ ಹಳದಿ ಟೋಪಿ ಹೆಚ್ಚು ಮಾತಾಡದೆ ದೀಪಗಳ ಸಾಲಿನ ಕೊನೆಗೆ ಹೋಗಿ ನಿಂತಿತು. "ಆಡೋಣ್ವಾ?" ಎಂದು ಬರೆಯಿತು. ಆಮೇಲೆ: "ಬಂದರು ಮುಂಭಾಗ." ಏನಿದು ಎಂದು ಚಿಜುರುವಿಗೆ ಹೊಳೆಯಲಿಲ್ಲ. ಅವಳು ಜೋರಾಗಿ ಓದಿದಳು, "ಬಂದರು ಮುಂಭಾಗ." ಪಕ್ಕದಲ್ಲಿ ಅತ್ತೆಯ ಬೆನ್ನು ನೆಟ್ಟಗಾಯಿತು. "ರೈಟ್," ಎಂದರು, ಎಂದಿನ ರೈಟ್ ಅಲ್ಲ, ತುಂಬಿದ ಬಸ್ಸಿನ ಹಿಂಬಾಗಿಲಿಂದ ಡ್ರೈವರಿಗೆ ಮುಟ್ಟುವಂಥ ದನಿ. ಮುಂದಿನ ನಿಲ್ದಾಣದ ಹೆಸರಿಗಾಗಿ ಅವರ ತುಟಿಗಳು ತಡಕಾಡಿದವು, ದವಡೆ ಅದುರಿತು, ಸಿಕ್ಕಿತು ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿತು, ಮತ್ತೆ "ರೈಟ್" ಎಂದೇ ಹೊರಬಂತು. ಹಳೆಯ ಬಸ್ಸಿನ ದಾರಿ. ಒಬ್ಬರು ಒಂದು ನಿಲ್ದಾಣ, ಇನ್ನೊಬ್ಬರು ಮುಂದಿನದು. ಚಿಜುರುವಿಗೆ ಗೊತ್ತಿದ್ದುದು ತಾನು ದಿನಾ ಹೋಗುವ ಬಸ್ಸಿನ ದಾರಿ ಮಾತ್ರ. "ಗ್ರಂಥಾಲಯ" ಎಂದು ಬರೆದಳು.

"ಆಗ ಗ್ರಂಥಾಲಯ ಎಲ್ಲಿತ್ತು ಅಲ್ಲಿ," ಎಂದು ಬರೆಯಿತು ಹಳದಿ ಟೋಪಿ. ಮುಂದಿನ ಸಾಲು: "ಇಸೊಕೊ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ತಪ್ಪೋಳಲ್ಲ. ಅವತ್ತು ಸಿಟ್ಟಿಲ್ಲ ಅಂದಾಗ್ಲೇ ನಂಗೆ ಅನುಮಾನ ಬಂದಿತ್ತು. ಅಷ್ಟು ಸುಲಭಕ್ಕೆ ಬಿಡೋ ಪೈಕಿ ಅಲ್ಲ ಅವಳು. ನೀನ್ಯಾರು?"

ಹೊರಗೆ ಎಲ್ಲೋ ಹಡಗಿನ ಸೈರನ್ನು ಎಳೆಎಳೆಯಾಗಿ ಕೂಗಿತು. "ಸೊಸೆ," ಎಂದು ಒತ್ತಿದಳು ಚಿಜುರು.

"ಇಸೊಕೊ ಹೋದ್ಲಾ?"

"ಇಲ್ಲ. ಪಕ್ಕದಲ್ಲೇ ಇದ್ದಾರೆ. ಪಾರ್ಶ್ವವಾಯು ಹೊಡೀತು. ಮಾತಿಲ್ಲ. ಓದಕ್ಕೂ ಬರಲ್ಲ."

ಬೊಂಬೆ ಕಣ್ಣು ಮಿಟುಕಿಸಿತು. "ನಾನು ಬರೆದಿದ್ದು ಅವಳಿಗೆ ಗೊತ್ತಾ?"

"ಹುಷಾರು ತಪ್ಪೋ ಮುಂಚೆ ಬರೆದಿದ್ದು ಓದಿದ್ರು. ಆಮೇಲಿಂದು ನಾನು ಹೇಳಿದೆ. ತಿಳೀತೋ ಇಲ್ವೋ ಗೊತ್ತಿಲ್ಲ."

"ಹಾಗಾದ್ರೆ ಸಿಟ್ಟಿಲ್ಲ ಅಂದಿದ್ದು ನೀನು."

"ಹೌದು."

ಇನ್ನು ಹೇಳಿಬಿಡಬೇಕು. ಅವಳ ಬೆರಳು ಅವಸರ ಅವಸರವಾಗಿ ಅಕ್ಷರಗಳನ್ನು ಹೆಕ್ಕತೊಡಗಿತು. ಅಪ್‌ಡೇಟ್ ತಡವಾಗಿದ್ದು ನೆಟ್ ಇಲ್ಲದೆ ಅಲ್ಲ. ನಾನೇ ತಡ ಮಾಡಿದೆ. ಬೇಕಂತಲೇ. ಅವರು ದಿನಾ ಬಂದು ಕೇಳ್ತಿದ್ರು, ನಿಮಗೆ ಏನೋ ಹೇಳೋದಿತ್ತು... ಬರೆದದ್ದು ಇನ್ನೂ ಅತ್ತ ಹೋಗಿರಲಿಲ್ಲ, ಪರದೆಯ ಕೆಳಗಿನ ಪಟ್ಟಿಯಲ್ಲೇ ಇತ್ತು. ಇದನ್ನು ಕಳಿಸಿದರೆ ಎದೆ ಎಷ್ಟು ಹಗುರಾಗಬಹುದು ಎಂದು ಅವಳಿಗೆ ಆಗಲೇ ಅನ್ನಿಸತೊಡಗಿತ್ತು. ಹಳದಿ ಟೋಪಿಯ ತಲೆಯ ಮೇಲೆ ಅಕ್ಷರಗಳು ಮೂಡಿದವು.

"ನೀನು ಇನ್ನೇನೂ ಬರೀಬೇಡ. ಅವಳ ಕೈಗೆ ಕೊಡು."

ಚಿಜುರು ಬರೆದದ್ದನ್ನು ತುದಿಯಿಂದ ಒಂದೊಂದೇ ಅಕ್ಷರವಾಗಿ ಅಳಿಸಿದಳು. 'ಬೇಕಂತಲೇ' ಅಳಿಯುವಾಗ ಬೆರಳು ಸ್ವಲ್ಪ ತಡೆಯಿತು, ಆಮೇಲೆ ಅದೂ ಹೋಯಿತು. ಯಂತ್ರವನ್ನು ಅತ್ತೆಯ ತೊಡೆಯ ಮೇಲಿಟ್ಟು, ಅವರ ಎಡಗೈ ಹೆಬ್ಬೆರಳನ್ನು ಗುಬಟಿನ ಮೇಲೆ ತಂದಿಟ್ಟಳು. "ಮಸುಯೊ ಅವರು ಎದುರಿಗೇ ಇದಾರೆ ಅತ್ತೆ. ನೀವೇ ಹೋಗಬೇಕಂತೆ."

ಅತ್ತೆ ಪರದೆಯನ್ನು ನೋಡಿದರು. ಅವರ ಬೊಂಬೆ ಮುಂದಕ್ಕೆ ನಡೆಯಿತು, ಹಳದಿ ಟೋಪಿಯ ಎದುರಿಗೆ ಬಂತು. ನಿಲ್ಲಲಿಲ್ಲ. ಪಕ್ಕಕ್ಕೆ ಬಳಸಿಕೊಂಡು ದಾಟಿ, ನೀರಿನಂಚಿಗೆ ಹೋಗಿ, ಸಮುದ್ರಕ್ಕೆ ಮುಖ ಮಾಡಿ ಬೆನ್ನು ತೋರಿಸಿ ನಿಂತಿತು. ಹಳದಿ ಟೋಪಿ ತಾನಿದ್ದಲ್ಲೇ ಇತ್ತು ಒಂದಿಷ್ಟು ಹೊತ್ತು. ಆಮೇಲೆ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಿತು. ಅತ್ತೆಯ ಬೊಂಬೆ ನಾಲ್ಕು ಹೆಜ್ಜೆ ಆಚೆ ಸರಿಯಿತು. ಹಳದಿ ಟೋಪಿ ಹಿಂಬಾಲಿಸಿತು. ಅತ್ತೆಯ ಬೊಂಬೆ ಮತ್ತೆ ಸರಿಯಿತು.

"ಸಿಟ್ಟೇ," ಎಂದು ಬರೆಯಿತು ಹಳದಿ ಟೋಪಿ. "ಈಗ ಬಂದ್ಲು ನೋಡು. ಇದು ಅವಳೇ."

ಚಿಜುರು ಅತ್ತೆಯ ಮುಖ ನೋಡಿದಳು. ಎಡಗೈಯೂ ಕೆಲವೊಮ್ಮೆ ಹಿಡಿತ ತಪ್ಪಬಹುದು ಎಂದು ವ್ಯಾಯಾಮ ಕಲಿಸುವವರು ಹೇಳಿದ್ದರು. ಬೆರಳು ಜಾರಿದರೂ ಬೊಂಬೆ ಹೀಗೆಯೇ ಪಕ್ಕಕ್ಕೆ ಸರಿಯುತ್ತದೆ. ಆದರೆ ಅತ್ತೆಯ ಹುಬ್ಬು ಗಂಟಿಕ್ಕಿತ್ತು, ಕೆಳತುಟಿ ಬಿಗಿದಿತ್ತು, ಕಣ್ಣಂಚಿನಲ್ಲಿ ನೀರು ನಿಂತಿತ್ತು, ಅದು ಬಹಳ ಹೊತ್ತು ಪರದೆ ನೋಡಿದ್ದಕ್ಕೂ ಬಂದಿರಬಹುದಿತ್ತು. ಯಾವುದನ್ನೂ ಅವಳು ಬರೆಯುವ ಹಾಗಿರಲಿಲ್ಲ. ಯಂತ್ರ ಬಲಕ್ಕೆ ವಾಲತೊಡಗಿತು. ಅವಳು ಅದರ ಬಲತುದಿಯನ್ನು ಕೆಳಗಿನಿಂದ ಅಂಗೈಯಲ್ಲಿ ಆತುಕೊಂಡಳು, ಯಾವ ಗುಂಡಿಗೂ ಬೆರಳು ತಾಗದ ಹಾಗೆ. ದಡದ ಆ ತುದಿಯವರೆಗೆ ಹೋಗಿ ಅತ್ತೆಯ ಬೊಂಬೆ ತಿರುಗಿತು, ಇತ್ತ ನಡೆಯಿತು. ಹಳದಿ ಟೋಪಿಯೂ ತಿರುಗಿ, ಅಷ್ಟೇ ದೂರ ಬಿಟ್ಟುಕೊಂಡು ಹಿಂದೆ ಬಂತು. ಚಿಜುರುವಿನ ತೋಳು ಸೋಲತೊಡಗಿತ್ತು. ಅವಳು ಕೈ ಬದಲಿಸಲಿಲ್ಲ.